ಕಲ್ಚರ್ ರಿಪೋರ್ಟಿನ ಕೊನೆಯ ಸಾಲು

ಐಸಿಯು ಹೊರಗೆ ಕೂತವರ ಕೈಗೆ ಕೆಲವೊಮ್ಮೆ ಒಂದು ಹಾಳೆ ಬರುತ್ತದೆ. ಕಲ್ಚರ್ ರಿಪೋರ್ಟ್. ರೋಗಿಯ ರಕ್ತದಲ್ಲೋ ಮೂತ್ರದಲ್ಲೋ ಸಿಕ್ಕ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ, ಅದು ಯಾವ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಅಂತ ಬರೆದಿರುತ್ತಾರೆ. ಬಗ್ಗಿದರೆ 'ಎಸ್', ಇಲ್ಲದಿದ್ದರೆ 'ಆರ್', ಎರಡರ ನಡುವಿನದಕ್ಕೆ 'ಐ'. ಕ್ಲೆಬ್ಸಿಯೆಲ್ಲಾ ಥರದ ಹಠಮಾರಿ ಸಿಕ್ಕಿಬಿಟ್ಟರೆ ಮೇಲಿಂದ ಕೆಳಗೆ ಆರ್, ಆರ್, ಆರ್. ಮೆರೊಪೆನೆಮ್‌ನಂಥ ಬಲವಾದ ಔಷಧಿಯ ಮುಂದೆಯೂ ಆರ್. ಆಗ ಕಣ್ಣು ಹೋಗುವುದು ಒಂದು ಹಳೆಯ ಹೆಸರಿನ ಕಡೆಗೆ: ಕೊಲಿಸ್ಟಿನ್.

ಇದು ಸಿಕ್ಕಿದ್ದು 1940ರ ದಶಕದ ಕೊನೆಯಲ್ಲಿ, ಜಪಾನಿನಲ್ಲಿ, ಮಣ್ಣಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾದಿಂದ. ಕೆಲಸ ಚೆನ್ನಾಗಿ ಮಾಡುತ್ತಿತ್ತು, ಆದರೆ ಕಿಡ್ನಿಗೆ, ನರಗಳಿಗೆ ತೊಂದರೆ ಕೊಡುತ್ತಿತ್ತು. ಅದಕ್ಕಿಂತ ವಾಸಿ ಅನಿಸುವ ಔಷಧಿಗಳು ಬಂದ ಮೇಲೆ, 1970ರ ದಶಕದ ಹೊತ್ತಿಗೆ, ವೈದ್ಯರು ಅದನ್ನು ಬಹುಮಟ್ಟಿಗೆ ಬದಿಗಿಟ್ಟರು.

ಅದು ಕೊಲ್ಲುವ ರೀತಿ ನನಗೆ ತುಂಬಾ ಇಷ್ಟ. ಕ್ಲೆಬ್ಸಿಯೆಲ್ಲಾ, ಇ. ಕೋಲಿ ಇಂಥವಕ್ಕೆ ಮೈಮೇಲೆ ಇನ್ನೊಂದು ಹೊರಪದರ ಇರುತ್ತದೆ. ಅದರ ಮೇಲ್ಮೈಯಲ್ಲಿ ಋಣ ವಿದ್ಯುದಂಶ. ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಆ ಪದರವನ್ನು ಹೊಲಿಗೆಯ ಹಾಗೆ ಹಿಡಿದಿಟ್ಟಿರುತ್ತವೆ. ಕೊಲಿಸ್ಟಿನ್‌ನದು ಧನ ವಿದ್ಯುದಂಶ. ಅದು ಹೋಗಿ ಅಂಟಿಕೊಂಡು ಅಯಾನುಗಳನ್ನು ಆಚೆ ನೂಕುತ್ತದೆ. ಹೊಲಿಗೆ ಬಿಚ್ಚುತ್ತದೆ, ಒಳಗಿದ್ದದ್ದು ಸೋರಿಹೋಗುತ್ತದೆ.

ಮೆರೊಪೆನೆಮ್ ಕುಟುಂಬದ ಔಷಧಿಗಳು ಸೋಲತೊಡಗಿದಾಗ ಬದಿಗಿಟ್ಟದ್ದನ್ನು ಮತ್ತೆ ಹುಡುಕಬೇಕಾಯಿತು. ಅವುಗಳನ್ನು ಕತ್ತರಿಸಿ ಹಾಕಲು ಬ್ಯಾಕ್ಟೀರಿಯಾ ತಯಾರಿಸುವ ಒಂದು ಕಿಣ್ವದ ಹೆಸರು ಎನ್‌ಡಿಎಂ-1. ಆ 'ಎನ್‌ಡಿ' ಅಂದರೆ ನ್ಯೂಡೆಲ್ಲಿ. ಕಿಡ್ನಿ ಹೋದರೂ ಜೀವ ಉಳಿಯಲಿ ಅನ್ನುವ ಲೆಕ್ಕದಲ್ಲಿ ಕೊಲಿಸ್ಟಿನ್ ವಾಪಸ್ ಬಂತು.

ಆದರೆ ಮನುಷ್ಯರು ಬಿಟ್ಟಿದ್ದ ಕಾಲದಲ್ಲೂ ಪ್ರಾಣಿಗಳಿಗೆ ಕೊಡುವುದು ನಿಂತಿರಲಿಲ್ಲ. ಹಂದಿಗಳ ಭೇದಿಗೆ ಕೊಟ್ಟರು, ಸರಿ. ಕೋಳಿ ಬೇಗ ತೂಕ ಬರಲಿ ಅಂತ ಫೀಡಿನಲ್ಲೂ ಸುಮ್ನೆ ಬೆರೆಸಿದರು. ಕಾಯಿಲೆಯೇ ಇಲ್ಲದ ಪ್ರಾಣಿಗೆ! ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

2015ರಲ್ಲಿ ಚೀನಾದ ವಿಜ್ಞಾನಿಗಳು ಹಂದಿಗಳ ಇ. ಕೋಲಿಯಲ್ಲಿ ಎಂಸಿಆರ್-1 ಎಂಬ ಜೀನ್ ಕಂಡುದಾಗಿ ತಿಳಿಸಿದರು. ಇದಿದ್ದರೆ ಬ್ಯಾಕ್ಟೀರಿಯಾ ತನ್ನ ಹೊರಪದರಕ್ಕೆ ಒಂದು ಸಣ್ಣ ತುಣುಕು ಸೇರಿಸಿ ಋಣ ವಿದ್ಯುದಂಶವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಕೊಲಿಸ್ಟಿನ್‌ಗೆ ಹಿಡಿತ ಸಿಗುವುದಿಲ್ಲ. ಭಯ ಹುಟ್ಟಿಸಿದ್ದು ಆ ಜೀನ್ ಇದ್ದ ಜಾಗ. ಅದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೇಲಿತ್ತು. ಈ ಉಂಗುರ ಮರಿಗಳಿಗಷ್ಟೇ ಅಲ್ಲ, ಪಕ್ಕದಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟುತ್ತದೆ.

ಬೆಳವಣಿಗೆಗಾಗಿ ಫೀಡಿಗೆ ಬೆರೆಸುವುದನ್ನು ಚೀನಾ 2017ರಲ್ಲಿ ನಿಲ್ಲಿಸಿತು. ಆಮೇಲೆ ಹಂದಿಗಳಲ್ಲೂ ಜನರಲ್ಲೂ ಎಂಸಿಆರ್-1 ಕಡಿಮೆಯಾಯಿತು. ನಮ್ಮಲ್ಲಿ ಕೋಳಿ, ದನ, ಮೀನು ಸಾಕಣೆಗೆ ಕೊಲಿಸ್ಟಿನ್ ಮಾರುವಂತಿಲ್ಲ ಅಂತ 2019ರ ಜುಲೈನಲ್ಲಿ ಆದೇಶ ಬಂತು. ಒಳ್ಳೆಯ ಕೆಲಸ, ಇನ್ನೂ ಮೊದಲೇ ಆಗಬೇಕಿತ್ತು.

ಹಾಗಂತ ಎಲ್ಲ ತಪ್ಪನ್ನೂ ಕೋಳಿ ಫಾರಂ ಮೇಲೆ ಹಾಕಿದರೆ ಅನ್ಯಾಯ. ನಮ್ಮ ಆಸ್ಪತ್ರೆಗಳಲ್ಲಿ ಕೊಲಿಸ್ಟಿನ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾದಲ್ಲಿ ಎಂಸಿಆರ್-1 ಸಿಗುವುದು ಅಪರೂಪ. ಕ್ಲೆಬ್ಸಿಯೆಲ್ಲಾ ಜಾಸ್ತಿ ಮಾಡುವುದು ತನ್ನದೇ ಜೀನ್‌ಗಳನ್ನು ಬದಲಿಸಿಕೊಳ್ಳುವ ಕೆಲಸ. ವಾರ್ಡಿನಲ್ಲಿ ಔಷಧಿ ಹೆಚ್ಚು ಹರಿದಷ್ಟೂ ಅಂಥವೇ ಉಳಿಯುತ್ತವೆ. ತೊಳೆಯದ ಕೈ, ಕ್ಯಾತಿಟರ್ ಮೂಲಕ ಪಕ್ಕದ ಮಂಚಕ್ಕೆ ಹೋಗುತ್ತವೆ.

ಹೊಸ ದಾರಿಗಳೂ ಇವೆ. ಎನ್‌ಡಿಎಂ ಇರುವ ಬ್ಯಾಕ್ಟೀರಿಯಾಕ್ಕೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಜೊತೆ ಅಜ್ಟ್ರಿಯೊನಾಮ್ ಸೇರಿಸಿ ಕೊಡುತ್ತಾರೆ. ದುಬಾರಿ, ಆದರೆ ಜೀವ ಉಳಿಸಿದೆ.

ಇನ್ನು ಆ ಹಾಳೆಯ ವಿಷಯ. ಲ್ಯಾಬುಗಳು ಅನುಸರಿಸುವ, ಅಮೆರಿಕದ ಸಿಎಲ್‌ಎಸ್‌ಐ ಎಂಬ ಸಂಸ್ಥೆಯ ನಿಯಮ 2020ರಲ್ಲಿ ಬದಲಾಯಿತು. ಲ್ಯಾಬಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬಗ್ಗಿದರೂ, ಕಿಡ್ನಿ ತಡೆಯುವಷ್ಟು ಡೋಸಿನಲ್ಲಿ ರೋಗಿ ಗುಣವಾಗುತ್ತಾರೆ ಅನ್ನುವ ಭರವಸೆ ಇಲ್ಲ, ಅಲ್ವಾ? ಹಾಗಾಗಿ ಆ ನಿಯಮ ಪಾಲಿಸುವ ರಿಪೋರ್ಟಿನಲ್ಲಿ ಈ ಬ್ಯಾಕ್ಟೀರಿಯಾಗಳಿಗೆ ಕೊಲಿಸ್ಟಿನ್ ಮುಂದೆ 'ಎಸ್' ಬರೆಯುವಂತಿಲ್ಲ. ನಡುವಿನ ಅಕ್ಷರ 'ಐ', ಇಲ್ಲವೇ 'ಆರ್'. ಅಷ್ಟೇ.