ತಲೆಯೊಳಗಿನ ಮಾತು ಹೊರಗಿನಿಂದ ಕೇಳಿಸಿದಾಗ

ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ, ಅಲ್ವಾ? ಬೆರಳು ಆಡುವ ಹೊತ್ತಿಗೇ 'ಇದು ನನ್ನದೇ ಕೆಲಸ' ಅಂತ ಮಿದುಳಿಗೆ ಗೊತ್ತಿರುತ್ತದೆ. ಹಾಗಾಗಿ ಆ ಸ್ಪರ್ಶದ ಚುರುಕು ಇಳಿಯುತ್ತದೆ. ಇಲ್ಲದ ದನಿ ಕೇಳಿಸುವವರಲ್ಲಿ ಈ ಏರ್ಪಾಡು ಸಡಿಲವಾಗಿರುತ್ತದೆ. 2000ರಲ್ಲಿ ಮಿದುಳು ವಿಜ್ಞಾನಿ ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಅಂಥವರಿಗೆ ತಮ್ಮ ಕೈ ಸೋಕಿದರೂ, ಬೇರೆಯವರ ಕೈ ಸೋಕಿದರೂ ಹೆಚ್ಚುಕಡಿಮೆ ಒಂದೇ ಥರ ಕಚಗುಳಿಯಾಗುತ್ತಿತ್ತು.

ಮನಸ್ಸಿನಲ್ಲಿ ಆಡಿಕೊಳ್ಳುವ ಮಾತಿಗೂ ಹೀಗೇ ಆದರೆ? ತನ್ನದೇ ಮಾತು ಯಾರೋ ಆಡಿದಂತೆ ಕೇಳಿಸೀತು. ದನಿ ಕೇಳುತ್ತಿರುವಾಗಲೇ ಸ್ಕ್ಯಾನ್ ಮಾಡಿ ನೋಡಿದ ಕೆಲವು ಅಧ್ಯಯನಗಳಲ್ಲಿ, ಮಾತು ಹುಟ್ಟಿಸುವ ಮಿದುಳಿನ ಭಾಗ ಕೆಲಸದಲ್ಲಿ ತೊಡಗಿದ್ದು ಕಂಡಿದೆ. ಎಲ್ಲ ಬಗೆಯ ದನಿಗೂ ಈ ವಿವರಣೆ ಸಾಲದು, ನಿಜ. ಆದರೆ 'ಸುಮ್ನೆ ಭ್ರಮೆ, ತಲೆ ಕೆಡಿಸಿಕೊಳ್ಳಬೇಡ' ಅನ್ನುವ ಬುದ್ಧಿವಾದ ಯಾಕೆ ನಾಟುವುದಿಲ್ಲ ಅನ್ನುವುದಂತೂ ಅರ್ಥವಾಗುತ್ತದೆ. ಅವರಿಗೆ ಅದು ಕಿವಿಯಾರೆ ಕೇಳಿದ ಮಾತು.

ಹೀಗೆ ಇಲ್ಲದ್ದು ಕೇಳಿಸುವುದು, ಕಾಣಿಸುವುದು, ಯಾರೋ ಬೆನ್ನು ಹತ್ತಿದ್ದಾರೆ ಎಂದು ಅಲುಗಾಡದಂತೆ ನಂಬುವುದು ಸೈಕೋಸಿಸ್. ನಿದ್ದೆಗೆಟ್ಟರೂ, ಗಾಂಜಾ ಸೇದಿದರೂ, ಹೆರಿಗೆಯ ನಂತರವೂ ಕೆಲವರಿಗೆ ಬರಬಹುದು. ಸ್ಕಿಜೋಫ್ರೇನಿಯಾ ಇದಕ್ಕಿಂತ ದೀರ್ಘವಾದ ಕಾಯಿಲೆ. ಸಾಮಾನ್ಯವಾಗಿ ಹದಿಹರೆಯದ ಕೊನೆ ಅಥವಾ ಇಪ್ಪತ್ತರ ಪ್ರಾಯದಲ್ಲಿ ಶುರುವಾಗುತ್ತದೆ. ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗಿದೆ. ವಂಶವಾಹಿಗಳ ಪಾಲು ದೊಡ್ಡದೇ, ಆದರೂ ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರಲೇಬೇಕೆಂದಿಲ್ಲ. ಒಬ್ಬರಲ್ಲಿ ಇಬ್ಬರು ವ್ಯಕ್ತಿಗಳಿರುವ ಸಿನಿಮಾ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ.

1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಜೀನ್ ಕೊಟ್ಟಾಗ ರೋಗಿಗಳ ಭ್ರಮೆ, ಗಲಿಬಿಲಿ ತಗ್ಗಿದವು. ಈ ಜಾತಿಯ ಔಷಧಿಗಳು ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕವಾದ ಡೋಪಮಿನ್‌ಗೆ ತಡೆ ಹಾಕುತ್ತವೆ ಎಂದು ತಿಳಿದದ್ದು ಆಮೇಲೆ. ಕಂಡದ್ದರಲ್ಲಿ ಯಾವುದು ಮುಖ್ಯ ಎಂದು ಮಿದುಳು ಗುರುತು ಹಾಕುವುದರಲ್ಲಿ ಡೋಪಮಿನ್‌ನ ಕೈವಾಡವಿದೆ. ಅದು ಜಾಸ್ತಿಯಾದರೆ ರಸ್ತೆಯಲ್ಲಿ ಯಾರೋ ಕೆಮ್ಮಿದ್ದೂ ತನಗೇ ಕೊಟ್ಟ ಸನ್ನೆಯಂತೆ ತೋರಬಹುದು.

ದನಿ ನಿಂತ ಮೇಲೂ ಉಳಿಯುವ ತೊಂದರೆಯೇ ನನಗೆ ಹೆಚ್ಚು ಕಷ್ಟದ್ದು ಅನಿಸುತ್ತದೆ. ಉತ್ಸಾಹವಿಲ್ಲ, ಮಾತು ಕಡಿಮೆ, ಸ್ನಾನಕ್ಕೂ ಏಳಲು ಮನಸ್ಸಿಲ್ಲ. ಮನೆಯವರು ಸೋಮಾರಿತನ ಅಂದುಕೊಳ್ಳುತ್ತಾರೆ. ಇದೂ ಕಾಯಿಲೆಯದ್ದೇ ಲಕ್ಷಣ. ಇದರ ಮೇಲೆ ಈಗಿನ ಔಷಧಿಗಳ ಆಟ ಅಷ್ಟಾಗಿ ನಡೆಯದು.

ಹತ್ತಿರದವರಿಗೆ ದನಿ ಕೇಳಿಸುತ್ತಿದ್ದರೆ ವಾದಕ್ಕಿಳಿಯಬೇಡಿ, ಹೌದೌದು ಅಂತ ತಲೆಯಾಡಿಸುವುದೂ ಬೇಡ. 'ಅದು ಏನು ಹೇಳುತ್ತಿದೆ?' ಎಂದು ಕೇಳಿ. ಸಾಯಲು ಅಥವಾ ಯಾರಿಗಾದರೂ ಹೊಡೆಯಲು ಹೇಳುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.