ಬೆರಳ ಬೆನ್ನು ಹತ್ತಿದ ಚುಕ್ಕಿ

ಖಾಲಿ ಪರದೆಯ ಮೇಲೆ ಒಂದು ಕಪ್ಪು ಚುಕ್ಕಿ ಇದೆ ಎಂದುಕೊಳ್ಳಿ. ಮೌಸ್ ಸರಿಸಿದರೆ ಅದು ನಿಮ್ಮ ಹಿಂದೆ ಬರುತ್ತದೆ. ಆದರೆ ತಟ್ಟನೆ ಬಂದು ಅಂಟಿಕೊಳ್ಳುವುದಿಲ್ಲ. ಮೊದಲು ದಾಪುಗಾಲು ಹಾಕಿ, ಹತ್ತಿರವಾದಂತೆಲ್ಲ ಹೆಜ್ಜೆ ಚಿಕ್ಕದು ಮಾಡಿಕೊಂಡು, ಕೊನೆಗೆ ಮೆಲ್ಲಗೆ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಮತ್ತೆ ಸರಿಸಿದಿರೋ, ಮತ್ತೆ ಹೊರಡುತ್ತದೆ. ಇದನ್ನು ನಾನು ಯಾರಿಗೆ ತೋರಿಸಿದರೂ ಒಂದೆರಡು ನಿಮಿಷ ಅದರ ಜೊತೆ ಆಡದೆ ಬಿಟ್ಟವರಿಲ್ಲ.

ಇದರ ಹಿಂದಿರುವುದು ಒಂದೇ ಸಾಲಿನ ಕೋಡ್. ಪ್ರತಿ ಸಲ ಚಿತ್ರ ಬರೆಯುವಾಗ ಚುಕ್ಕಿಗೂ ಮೌಸಿಗೂ ನಡುವೆ ಎಷ್ಟು ದೂರ ಉಳಿದಿದೆ ನೋಡು, ಅದರ ಹತ್ತನೇ ಒಂದು ಭಾಗದಷ್ಟು ಮುಂದೆ ಹೋಗು. ಅಷ್ಟೆ. ದೂರ 100 ಪಿಕ್ಸೆಲ್ ಇದ್ದರೆ ಮೊದಲ ಹೆಜ್ಜೆ 10 ಪಿಕ್ಸೆಲ್. ಉಳಿದದ್ದು 90, ಹಾಗಾಗಿ ಎರಡನೆಯ ಹೆಜ್ಜೆ 9. ಮೂರನೆಯದು 8.1. ಹೀಗೆ 22 ಹೆಜ್ಜೆ ಮುಗಿಯುವಾಗ ಉಳಿದಿರುವ ದೂರ 10 ಪಿಕ್ಸೆಲ್‌ಗಿಂತ ತುಸು ಕಡಿಮೆ. ಗಣಿತದ ಲೆಕ್ಕದಲ್ಲಿ ಚುಕ್ಕಿ ಎಂದೂ ಗುರಿ ಮುಟ್ಟುವುದಿಲ್ಲ. ಉಳಿದ ದೂರ ಒಂದು ಪಿಕ್ಸೆಲ್‌ಗಿಂತ ಎಷ್ಟೋ ಕಡಿಮೆಯಾದಾಗ ನಮ್ಮ ಕಣ್ಣು ಅದನ್ನು ಮುಟ್ಟಿದಂತೆಯೇ ಒಪ್ಪಿಕೊಳ್ಳುತ್ತದೆ.

ಹಗಲು ನಾನು ವೆಬ್ ಪುಟಗಳನ್ನು ಕಟ್ಟುತ್ತೇನೆ: ಫಾರಂ, ಮೆನು, ಬಟನ್, ಪಟ್ಟಿ. ರಾತ್ರಿ ಅದೇ ಬ್ರೌಸರ್‌ನಲ್ಲಿ, ಜಾವಾಸ್ಕ್ರಿಪ್ಟ್ ಎಂಬ ಅದೇ ಕೋಡ್ ಭಾಷೆಯಲ್ಲಿ ಸಣ್ಣ ಆಟಗಳನ್ನೂ ಮುಟ್ಟಿದರೆ ಅಲುಗುವ ಚಿತ್ರಗಳನ್ನೂ ಮಾಡುತ್ತೇನೆ. ಒಂದು ಹೊಟ್ಟೆಪಾಡು, ಇನ್ನೊಂದು ಹವ್ಯಾಸ, ಎರಡಕ್ಕೂ ಸಂಬಂಧವಿಲ್ಲ ಎಂದೇ ಬಹಳ ದಿನ ನಂಬಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಆಟವಿರಲಿ, ಕಲೆಯಿರಲಿ, ಹಣ ಕಟ್ಟುವ ಫಾರಂ ಇರಲಿ, ಎಲ್ಲದರ ತಳದಲ್ಲಿ ಇರುವ ಪ್ರಶ್ನೆ ಒಂದೇ. ಮನುಷ್ಯ ಏನೋ ಮಾಡಿದ. ಯಂತ್ರ ಎಷ್ಟು ಬೇಗ, ಯಾವ ರೀತಿಯಲ್ಲಿ ಓಗೊಟ್ಟಿತು?

ಮೊದಲು ವೇಗದ ಮಾತು. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ಅಂದರೆ ಫ್ರೇಮ್ ಎನ್ನುವ ಒಂದೊಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಅಷ್ಟರೊಳಗೆ ಬ್ರೌಸರ್ ಮೌಸ್ ಎಲ್ಲಿದೆ ನೋಡಬೇಕು, ನಾನು ಬರೆದ ಕೋಡ್ ನಡೆಸಬೇಕು, ಪುಟದಲ್ಲಿ ಯಾವುದು ಎಲ್ಲಿ ಕೂರಬೇಕೆಂದು ಲೆಕ್ಕ ಹಾಕಬೇಕು, ಬಣ್ಣ ತುಂಬಬೇಕು. ಇದರಲ್ಲಿ ಬಹುಪಾಲು ಕೆಲಸ ನಡೆಯುವುದು ಒಂದೇ ಎಳೆಯ ಮೇಲೆ, ಒಂದಾದ ಮೇಲೊಂದರಂತೆ. ನಡುವೆ ಯಾವುದೋ ಲೆಕ್ಕ 50 ಮಿಲಿಸೆಕೆಂಡ್ ತಿಂದರೆ ಮೂರು ಫ್ರೇಮ್ ಕೈತಪ್ಪಿದ ಹಾಗೆ. ಚುಕ್ಕಿ ಅಲ್ಲೇ ಒಮ್ಮೆ ತಡವರಿಸಿ ಮುಂದಕ್ಕೆ ಹಾರುತ್ತದೆ. ಕಾರಣ ಹೇಳಲು ಬಾರದವರಿಗೂ ಆ ತಡವರಿಕೆ ಗೊತ್ತಾಗುತ್ತದೆ.

ಈ 60 ಎಂಬ ಸಂಖ್ಯೆಯನ್ನು ನಾನು ಪ್ರಕೃತಿಯ ನಿಯಮ ಎಂಬಂತೆ ನಂಬಿಬಿಟ್ಟಿದ್ದೆ. ತಿಂಗಳುಗಟ್ಟಲೆ ತಿದ್ದಿ ತೀಡಿದ ಒಂದು ಆಟವನ್ನು ಸ್ನೇಹಿತರೊಬ್ಬರ ಹೊಸ ಕಂಪ್ಯೂಟರ್‌ನಲ್ಲಿ ತೆರೆದಾಗ ಎಲ್ಲವೂ ಎರಡು ಪಟ್ಟು ವೇಗದಲ್ಲಿ ಓಡತೊಡಗಿತು. ಶತ್ರುಗಳು ಕಣ್ಣೆದುರೇ ಸುಂಯ್ ಎಂದು ದಾಟಿಹೋದರು. ಅವರ ಪರದೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವಂಥದ್ದು. ಬ್ರೌಸರ್ ಪ್ರಾಮಾಣಿಕವಾಗಿ 120 ಸಲವೂ ನನ್ನ ಕೋಡನ್ನು ಕರೆದಿತ್ತು, ನನ್ನ ಕೋಡ್ ಪ್ರತಿ ಕರೆಗೂ ಒಂದು ಹೆಜ್ಜೆ ಹಾಕಿತ್ತು. ತಪ್ಪು ಪೂರ್ತಿಯಾಗಿ ನನ್ನದು. ಹೆಜ್ಜೆಯನ್ನು ಫ್ರೇಮ್ ಲೆಕ್ಕದಲ್ಲಿ ಹಾಕದೆ ಗಡಿಯಾರದ ಲೆಕ್ಕದಲ್ಲಿ ಹಾಕಬೇಕಿತ್ತು: ಹಿಂದಿನ ಫ್ರೇಮಿನಿಂದ ಈಚೆಗೆ ಎಷ್ಟು ಮಿಲಿಸೆಕೆಂಡ್ ಕಳೆದಿದೆಯೋ ಅದಕ್ಕೆ ತಕ್ಕಷ್ಟು ನಡೆ. ಚುಕ್ಕಿಯ ವಿಷಯದಲ್ಲಿ ಇದು ಬರಿಯ ಗುಣಾಕಾರದಿಂದ ಸರಿಹೋಗುವುದೂ ಇಲ್ಲ. ಅಲ್ಲಿ ಪ್ರತಿ ಹೆಜ್ಜೆಗೂ ದೂರ 0.9 ಪಟ್ಟಾಗುತ್ತದೆ. ಅರ್ಧ ಸಮಯದ ಫ್ರೇಮ್ ಆದರೆ 0.9ರ ವರ್ಗಮೂಲ, ಅಂದರೆ ಸುಮಾರು 0.949 ಪಟ್ಟಾಗಬೇಕು. ಇದನ್ನು ಅರ್ಥ ಮಾಡಿಕೊಂಡ ದಿನ, ಶಾಲೆಯಲ್ಲಿ ಕಲಿತ ಘಾತಾಂಕಗಳು ಮೊದಲ ಸಲ ನನ್ನ ಕೈಗೆ ತಾಕಿದವು.

ಆಟದ ವೇಗ ಹೀಗೆ ಯಂತ್ರವನ್ನು ಅವಲಂಬಿಸುವುದು ಒಂದು ಆಟಕ್ಕೆ ವರವಾದದ್ದೂ ಉಂಟು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ರೂಪಿಸಿದ ಸ್ಪೇಸ್ ಇನ್ವೇಡರ್ಸ್‌ನಲ್ಲಿ 55 ಅನ್ಯಗ್ರಹಜೀವಿಗಳು ಸಾಲುಗಟ್ಟಿ ಇಳಿಯುತ್ತವೆ. ಆಗಿನ ಪ್ರೊಸೆಸರ್‌ಗೆ ಅಷ್ಟನ್ನೂ ಒಟ್ಟಿಗೆ ಸರಿಸುವ ತ್ರಾಣವಿರಲಿಲ್ಲ. ಒಂದು ಫ್ರೇಮಿಗೆ ಒಂದರಂತೆ ಸರಿಸುತ್ತ ಹೋಗುತ್ತಿತ್ತು. ಆದ್ದರಿಂದ ಇಡೀ ಪಡೆ ಒಂದು ಹೆಜ್ಜೆ ಇಡಲು ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ಆಟಗಾರ ಒಂದೊಂದನ್ನೇ ಹೊಡೆದಂತೆ ಸರಿಸಬೇಕಾದವು ಕಡಿಮೆಯಾಗುತ್ತವೆ, ಸರದಿ ಬೇಗ ಬರುತ್ತದೆ, ಉಳಿದವು ಚುರುಕಾಗುತ್ತವೆ. ಕೊನೆಗೆ ಉಳಿದ ಒಂದೇ ಒಂದು ಪ್ರತಿ ಫ್ರೇಮಿಗೂ ಹೆಜ್ಜೆಯಿಟ್ಟು ಹುಚ್ಚೆದ್ದು ಓಡುತ್ತದೆ. ಯಂತ್ರದ ಮಿತಿಯಿಂದ ಹುಟ್ಟಿದ ಈ ಏರುಗತಿಯನ್ನು ನಿಶಿಕಾಡೊ ಹಾಗೇ ಉಳಿಸಿಕೊಂಡರು. ಎದೆಬಡಿತ ಏರಿಸುವ ಆ ಕೊನೆಯ ಕ್ಷಣಗಳು ಬಂದದ್ದು ಅಲ್ಲಿಂದ.

ಇನ್ನು, ಓಗೊಟ್ಟದ್ದನ್ನು ನಮ್ಮ ಮನಸ್ಸು ಹೇಗೆ ತೆಗೆದುಕೊಳ್ಳುತ್ತದೆ? ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

ಬೆಲ್ಜಿಯಂನ ಮನೋವಿಜ್ಞಾನಿ ಆಲ್ಬರ್ಟ್ ಮಿಶೋಟ್ 1946ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ತಿರುಗುವ ತಟ್ಟೆಯ ಮೇಲೆ ಗೆರೆ ಬರೆದು, ಅದನ್ನು ಸೀಳುಕಿಂಡಿಯ ಮೂಲಕ ತೋರಿಸಿದರೆ ಎರಡು ಚಿಕ್ಕ ಚೌಕಗಳು ಚಲಿಸಿದಂತೆ ಕಾಣುತ್ತಿತ್ತು. ಒಂದು ಬಂದು ಇನ್ನೊಂದನ್ನು ಮುಟ್ಟುತ್ತದೆ, ಮುಟ್ಟಿಸಿಕೊಂಡದ್ದು ಹೊರಡುತ್ತದೆ. ಎರಡನೆಯದು ತಕ್ಷಣ ಹೊರಟರೆ, ನೋಡಿದವರಿಗೆ ಮೊದಲನೆಯದು ಅದನ್ನು ತಳ್ಳಿದ್ದು ಕಣ್ಣಾರೆ ಕಂಡಂತಾಗುತ್ತಿತ್ತು. ನಡುವೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡ ಮಾಡಿದರೆ ಸಾಕು, ತಳ್ಳಿದ ಭಾವ ಕರಗಿಹೋಗುತ್ತಿತ್ತು. ಅಲ್ಲಿ ಒಂದು ನಿಂತಿತು, ಇಲ್ಲಿ ಒಂದು ಹೊರಟಿತು, ಅಷ್ಟೆ. ಕಾರ್ಯಕಾರಣವನ್ನು ನಾವು ಯೋಚಿಸಿ ತಿಳಿಯುವುದಕ್ಕೆ ಮೊದಲೇ ನೋಡಿಬಿಡುತ್ತೇವೆ, ಮತ್ತು ಆ ನೋಟಕ್ಕೆ ಕಾಲದ ಗಡುವಿದೆ.

ಬಟನ್ ಒತ್ತಿದ ಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಏನಾದರೂ ಬದಲಾಗಲೇಬೇಕು ಎಂದು ವಿನ್ಯಾಸಕಾರರು ಹಟ ಹಿಡಿಯುವುದು ಇದಕ್ಕೇ. ಅಷ್ಟರೊಳಗೆ ಬಣ್ಣ ಮಾಸಿದರೂ ಸಾಕು, 'ನಾನು ಒತ್ತಿದೆ' ಎಂದು ಕೈ ನಂಬುತ್ತದೆ. ಉತ್ತರ ತರಲು ಸರ್ವರ್ ಎರಡು ಸೆಕೆಂಡ್ ತೆಗೆದುಕೊಳ್ಳಲಿ, ಅದನ್ನು ಜನ ಸಹಿಸಿಕೊಳ್ಳುತ್ತಾರೆ. ಬಟನ್ ಮಾತ್ರ ಕಲ್ಲಿನಂತೆ ಕೂತಿದ್ದರೆ ಮತ್ತೆ ಒತ್ತುತ್ತಾರೆ, ಮತ್ತೂ ಒತ್ತುತ್ತಾರೆ, ಒಂದೇ ಹಣ ಎರಡು ಸಲ ಹೋಗುತ್ತದೆ. ಅವರನ್ನು ದೂರುವವರನ್ನು ಕಂಡರೆ ನನಗೆ ಬೇಸರ. ಕಾರಣಕ್ಕೆ ತಕ್ಕ ಕಾರ್ಯವನ್ನು ಅವರ ಕಣ್ಣಿಗೆ ತೋರಿಸದೆ ಹೋದವರು ನಾವು.

ಮಿಶೋಟ್‌ಗಿಂತ ಎರಡು ವರ್ಷ ಮೊದಲು, 1944ರಲ್ಲಿ, ಮನೋವಿಜ್ಞಾನಿಗಳಾದ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಒಂದು ಚಿಕ್ಕ ಚಲನಚಿತ್ರ ಮಾಡಿ ತೋರಿಸಿದ್ದರು. ಅದರಲ್ಲಿದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ವೃತ್ತ, ಬಾಗಿಲಿನಂತೆ ತೆರೆಯುವ ಬದಿಯುಳ್ಳ ಒಂದು ಆಯತ. ಏನು ಕಂಡಿರಿ ಎಂದು 34 ಮಂದಿಯನ್ನು ಕೇಳಿದಾಗ ಒಬ್ಬರು ಮಾತ್ರ ಅದನ್ನು ಬರೀ ಆಕೃತಿಗಳ ಚಲನೆಯೆಂದು ವಿವರಿಸಿದರು. ಉಳಿದವರೆಲ್ಲ ಜೀವಿಗಳ ಕಥೆ ಹೇಳಿದರು: ಬೆದರಿಸುವವನು, ಹೆದರಿ ಬಚ್ಚಿಟ್ಟುಕೊಳ್ಳುವವಳು, ಜಗಳ. ನನ್ನ ಚುಕ್ಕಿಯನ್ನು ಜನ ಸಾಕುಪ್ರಾಣಿಯಂತೆ ಆಡಿಸುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ತಕ್ಷಣ ಓಗೊಡುವುದು, ಜೀವವಿದ್ದಂತೆ ಚಲಿಸುವುದು, ಈ ಎರಡನ್ನೂ ಒಟ್ಟಿಗೆ ಹಿಡಿದ ಕಲಾವಿದ ಅಮೆರಿಕದ ಮೈರನ್ ಕ್ರೂಗರ್. 1970ರ ದಶಕದಲ್ಲಿ ಅವರು ಕಟ್ಟಲು ಶುರುಮಾಡಿದ ವಿಡಿಯೋಪ್ಲೇಸ್‌ನಲ್ಲಿ ನೋಡುಗ ಕ್ಯಾಮೆರಾ ಎದುರು ನಿಂತರೆ ಅವನ ನೆರಳಾಕೃತಿ ದೊಡ್ಡ ಪರದೆಯ ಮೇಲೆ ಮೂಡುತ್ತಿತ್ತು. ಕೈಗೆ ಯಾವ ಸಾಧನವನ್ನೂ ಕಟ್ಟಿಕೊಳ್ಳಬೇಕಿಲ್ಲ. ಅದರಲ್ಲಿ 'ಕ್ರಿಟರ್' ಎಂಬ ಒಂದು ಪುಟ್ಟ ಜೀವಿ ಆ ನೆರಳಿನ ಮೈಮೇಲೆ ಹತ್ತಿ ಓಡಾಡುತ್ತಿತ್ತು. ಗೋಡೆಗೆ ನೇತುಹಾಕಿದ ಚಿತ್ರದ ಮುಂದೆ ನೋಡುಗ ಸುಮ್ಮನೆ ನಿಲ್ಲುತ್ತಾನೆ. ಇಲ್ಲಿ ಅವನು ಅಲುಗದಿದ್ದರೆ ಕೃತಿಯೇ ಪೂರ್ತಿಯಾಗುವುದಿಲ್ಲ.

ಒಳ್ಳೆಯ ಆಟಗಳಿಂದ ನಾನು ಕಲಿತ ದೊಡ್ಡ ಗುಣ ಕ್ಷಮೆ. ಜಿಗಿಯುವ ಆಟಗಳಲ್ಲಿ ಪಾತ್ರ ಕಟ್ಟೆಯ ಅಂಚು ದಾಟಿ ಗಾಳಿಗೆ ಕಾಲಿಟ್ಟ ಮೇಲೂ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಜಿಗಿಯಲು ಅವಕಾಶ ಕೊಡುವ ರೂಢಿಯಿದೆ. ಇದಕ್ಕೆ 'ಕೊಯೋಟಿ ಟೈಮ್' ಎನ್ನುತ್ತಾರೆ. ಪ್ರಪಾತದಾಚೆ ಓಡಿ, ಕೆಳಗೆ ನೋಡುವವರೆಗೂ ಬೀಳದ ವ್ಯಂಗ್ಯಚಿತ್ರದ ಕೊಯೋಟಿ ಎಂಬ ತೋಳದಂಥ ಪ್ರಾಣಿಯಿಂದ ಬಂದ ಹೆಸರು. ಭೌತವಿಜ್ಞಾನದ ಪ್ರಕಾರ ಇದು ಸುಳ್ಳು. ಆದರೆ ಆಟಗಾರ ಅಂಚಿನಲ್ಲಿದ್ದಾಗಲೇ ಜಿಗಿಯಲು ಮನಸ್ಸು ಮಾಡಿದ್ದ, ಬೆರಳು ಒಂದಿಷ್ಟು ತಡವಾಯಿತು. ಆಟ ಅವನ ಬೆರಳಿಗಿಂತ ಅವನ ಮನಸ್ಸನ್ನು ನಂಬುತ್ತದೆ.

ಇದನ್ನು ತಿಳಿದ ಮೇಲೆ ಕೆಲಸದ ಮೆನುಗಳನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಪಟ್ಟಿಯ ಒಂದು ಸಾಲಿನ ಮೇಲೆ ಮೌಸ್ ಇಟ್ಟರೆ ಬಲಕ್ಕೆ ಉಪಪಟ್ಟಿ ತೆರೆಯುತ್ತದೆ. ಅದರ ಕೆಳಗಿನ ಸಾಲಿಗೆ ಹೋಗಲು ಕೈ ಸಹಜವಾಗಿ ಓರೆಯಾಗಿ ಸಾಗುತ್ತದೆ. ದಾರಿಯಲ್ಲಿ ಪಕ್ಕದ ಸಾಲು ತಾಗಿದ್ದೇ ತಡ, ಉಪಪಟ್ಟಿ ಮುಚ್ಚಿಕೊಳ್ಳುತ್ತದೆ. ಇದಕ್ಕೊಂದು ಚೆಂದದ ಪರಿಹಾರವಿದೆ. ಮೌಸ್ ಈಗಷ್ಟೇ ಇದ್ದ ಜಾಗ ಮತ್ತು ಉಪಪಟ್ಟಿಯ ಹತ್ತಿರದ ಎರಡು ಮೂಲೆಗಳನ್ನು ಸೇರಿಸಿ ಕಣ್ಣಿಗೆ ಕಾಣದ ತ್ರಿಕೋನ ಎಳೆಯಬೇಕು. ಮೌಸ್ ಅದರೊಳಗೆ ಸಾಗುತ್ತಿರುವ ತನಕ ಏನನ್ನೂ ಮುಚ್ಚಬಾರದು. ಬಳಸುವವರಿಗೆ ಇದರ ಸುಳಿವೂ ಸಿಗುವುದಿಲ್ಲ. ನಾನು ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟವು ಇಂಥವೇ.

ಕಲೆಯ ಕಡೆ ನನ್ನನ್ನು ಎಳೆದದ್ದು ಜರ್ಮನಿಯ ಗೇಯೋರ್ಗ್ ನೀಸ್. 1965ರಲ್ಲೇ ಸ್ಟುಟ್‌ಗಾರ್ಟ್‌ನಲ್ಲಿ ಕಂಪ್ಯೂಟರ್ ಬರೆದ ರೇಖಾಚಿತ್ರಗಳನ್ನು ಪ್ರದರ್ಶಿಸಿದವರು. ಜಲ್ಲಿಕಲ್ಲು ಎಂಬ ಅರ್ಥದ 'ಷೋಟರ್' ಅವರ ಹೆಸರುವಾಸಿ ಚಿತ್ರ. ಸಾಲಿಗೆ 12ರಂತೆ 22 ಸಾಲು ಚೌಕಗಳು. ಮೇಲಿನವು ಜೋಡಿಸಿಟ್ಟಂತೆ ನೆಟ್ಟಗಿವೆ. ಕೆಳಗಿಳಿದಂತೆ ಒಂದೊಂದೂ ತುಸು ವಾಲುತ್ತದೆ, ತುಸು ಜರುಗುತ್ತದೆ, ತಳದಲ್ಲಿ ಎಲ್ಲವೂ ಚೆಲ್ಲಾಪಿಲ್ಲಿ. ಸೂತ್ರ ಸರಳ: ಒಂದು ಯಾದೃಚ್ಛಿಕ ಸಂಖ್ಯೆ, ಅದಕ್ಕೆ ಸಾಲು ಇಳಿದಂತೆ ಹೆಚ್ಚುವ ಬಲ.

ಇದನ್ನು ಬ್ರೌಸರ್‌ನಲ್ಲಿ ಮತ್ತೆ ಬರೆದು, ಸಾಲಿನ ಬದಲು ಮೌಸಿನ ಎತ್ತರಕ್ಕೆ ಕಟ್ಟಿದೆ. ಮೌಸ್ ಇಳಿದಂತೆ ಅವ್ಯವಸ್ಥೆ ಏರಬೇಕು ಎಂಬುದು ಆಸೆ. ನಡೆಸಿ ನೋಡಿದರೆ ಚೌಕಗಳು ಕುದಿಯುವ ನೀರಿನಂತೆ ಪತರಗುಟ್ಟಿದವು. ಪ್ರತಿ ಫ್ರೇಮಿಗೂ ಹೊಸ ಯಾದೃಚ್ಛಿಕ ಸಂಖ್ಯೆ ತೆಗೆಯುತ್ತಿದ್ದೆನಲ್ಲ, ಪ್ರತಿ ಚೌಕಕ್ಕೂ ಸೆಕೆಂಡಿಗೆ 60 ಹೊಸ ವಾಲು! ಪರಿಹಾರ ಕಂಪ್ಯೂಟರಿನ ಯಾದೃಚ್ಛಿಕತೆಯ ಗುಟ್ಟಿನಲ್ಲೇ ಇದೆ. ಅದು ಒಂದು ಸಂಖ್ಯೆಯಿಂದ ಮುಂದಿನದನ್ನು ಲೆಕ್ಕ ಹಾಕಿ ತೆಗೆಯುತ್ತದೆ. ಶುರುವಿನ ಸಂಖ್ಯೆ, ಅಂದರೆ ಸೀಡ್, ಒಂದೇ ಆದರೆ ಇಡೀ ಸರಣಿಯೂ ಅದೇ. ಪ್ರತಿ ಫ್ರೇಮನ್ನೂ ಅದೇ ಸೀಡ್‌ನಿಂದ ಶುರುಮಾಡಿದೆ. ಈಗ ಪ್ರತಿ ಚೌಕಕ್ಕೂ ತನ್ನದೇ ಆದ ಒಂದು ವಾಲು ಇತ್ತು. ಮೌಸ್ ಇಳಿಸಿದರೆ ಅದೇ ದಿಕ್ಕಿಗೆ ಹೆಚ್ಚು ವಾಲುತ್ತಿತ್ತು, ಏರಿಸಿದರೆ ಮರಳಿ ನೆಟ್ಟಗಾಗುತ್ತಿತ್ತು.

1984ರ ಎಲೀಟ್ ಎಂಬ ಆಟದಲ್ಲಿ ಇದೇ ಗುಟ್ಟು ಬ್ರಹ್ಮಾಂಡವನ್ನೇ ಹೊತ್ತಿತ್ತು. 32 ಕಿಲೋಬೈಟ್ ಸ್ಮೃತಿಯ ಕಂಪ್ಯೂಟರ್‌ನಲ್ಲಿ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ 8 ನಕ್ಷತ್ರಪುಂಜಗಳನ್ನು, ಒಂದೊಂದರಲ್ಲೂ 256 ಲೋಕಗಳನ್ನು ಇಟ್ಟರು. ಯಾವ ಲೋಕವನ್ನೂ ಬರೆದಿಟ್ಟಿರಲಿಲ್ಲ. ಸೀಡ್‌ನಿಂದ ಆಗಿಂದಾಗ್ಗೆ ಹುಟ್ಟಿಸುತ್ತಿದ್ದರು.

ಚೌಕಗಳು ತಾವಾಗಿಯೇ ಗಾಳಿಗೆ ತೂಗಬೇಕೆಂದರೆ ಮಾತ್ರ ಸೀಡ್ ಸಾಲದು. ಅದಕ್ಕೆ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ಉಪಾಯ ಬೇಕು. ಸಾಲಾಗಿ ನೆಟ್ಟ ಗೂಟಗಳಿಗೆ ಒಂದೊಂದು ಯಾದೃಚ್ಛಿಕ ಇಳಿಜಾರು ಕೊಟ್ಟು, ನಡುವಿನ ಜಾಗವನ್ನು ನಯವಾಗಿ ಬೆಸೆಯುವುದು. ಹೀಗೆ ಸಿಗುವ ಸಂಖ್ಯೆ ಎಲ್ಲಿಗೆ ಹೋಗುತ್ತದೆಂದು ಊಹಿಸಲಾಗದು, ಆದರೆ ಎಲ್ಲೂ ಜಿಗಿಯುವುದೂ ಇಲ್ಲ. ಮೋಡ, ಅಮೃತಶಿಲೆ, ಬೆಟ್ಟ, ಜ್ವಾಲೆ, ಇವನ್ನೆಲ್ಲ ಕಂಪ್ಯೂಟರ್ ಸಹಜವಾಗಿ ಬರೆಯತೊಡಗಿದ್ದು ಇದರಿಂದ. 1997ರಲ್ಲಿ ಅವರಿಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು.

ಚಲನೆ ಎಲ್ಲರಿಗೂ ಹಿತವಲ್ಲ ಎಂಬುದನ್ನೂ ಹೇಳಲೇಬೇಕು. ಒಳಕಿವಿಯ ಸಮತೋಲನದ ತೊಂದರೆಯಿರುವವರಿಗೆ ಜಾರುವ ಪುಟ ತಲೆಸುತ್ತು ತರುತ್ತದೆ. ವೇಗದ ಮಿಂಚು ಕೆಲವರಲ್ಲಿ ಅಪಸ್ಮಾರ ಕೆರಳಿಸುತ್ತದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಏನೂ ಮಿಂಚಬಾರದು ಎಂದು ವೆಬ್‌ನ ಮಾರ್ಗಸೂಚಿ ಹೇಳುತ್ತದೆ. ಚಲನೆ ಕಡಿಮೆ ಮಾಡು ಎಂದು ಬಳಕೆದಾರ ತನ್ನ ಸಾಧನದಲ್ಲಿ ಆರಿಸಿಕೊಂಡಿದ್ದರೆ ಅದನ್ನು ಬ್ರೌಸರ್ ನಮಗೆ ತಿಳಿಸುತ್ತದೆ. ಆಗ ನನ್ನ ಚುಕ್ಕಿ ಓಡುವುದಿಲ್ಲ, ನೇರವಾಗಿ ಹೋಗಿ ಕೂರುತ್ತದೆ.

ಈ ಚುಕ್ಕಿಯನ್ನು ನಾನು ಮೊದಲು ಬರೆದದ್ದು ಫ್ಲ್ಯಾಶ್‌ನಲ್ಲಿ, ಬ್ರೌಸರ್‌ನಲ್ಲಿ ಆಟ, ಚಲಿಸುವ ಚಿತ್ರಗಳನ್ನು ನಡೆಸುತ್ತಿದ್ದ ಹಳೆಯ ತಂತ್ರಾಂಶದಲ್ಲಿ. ಆ ಕಾಲದ ಲೆಕ್ಕವಿಲ್ಲದಷ್ಟು ಆಟ, ಕಲಾಕೃತಿಗಳು ಅದರಲ್ಲೇ ಇದ್ದವು. 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ನಿಂತಾಗ ಒಂದು ಇಡೀ ಗ್ರಂಥಾಲಯಕ್ಕೆ ಬೀಗ ಬಿದ್ದಂತೆ ಸಂಕಟವಾಗಿತ್ತು. ರಫಲ್ ಎಂಬ ಮುಕ್ತ ತಂತ್ರಾಂಶವನ್ನು ಬರೆದವರು ಆ ಬೀಗ ತೆಗೆದಿದ್ದಾರೆ. ಹಳೆಯ ಕಡತಗಳು ಇಂದಿನ ಬ್ರೌಸರ್‌ನಲ್ಲೇ ಮತ್ತೆ ನಡೆಯುತ್ತವೆ. ಮೊನ್ನೆ ನನ್ನ ಹಳೆಯ ಕಡತವನ್ನು ಅದರಲ್ಲಿ ತೆರೆದೆ. ನನ್ನ ಈಗಿನ ಪರದೆ ಸೆಕೆಂಡಿಗೆ 120 ಸಲ ಮಿನುಗುವಂಥದ್ದು, ಹುಚ್ಚಾಪಟ್ಟೆ ಓಡೀತು ಎಂದುಕೊಂಡೆ. ಓಡಲಿಲ್ಲ. ಫ್ಲ್ಯಾಶ್ ಕಡತಗಳ ಆರಂಭದಲ್ಲೇ ಅವುಗಳ ವೇಗ ಬರೆದಿರುತ್ತದೆ, ನನ್ನದರಲ್ಲಿದ್ದದ್ದು ಸೆಕೆಂಡಿಗೆ 12 ಫ್ರೇಮ್. ಚುಕ್ಕಿ ಅಂದಿನಂತೆಯೇ ತುಸು ಎಡವುತ್ತ, ಒಂದೊಂದೇ ಹೆಜ್ಜೆಯಿಟ್ಟು ನನ್ನ ಮೌಸಿನ ಪಕ್ಕ ಬಂದು ನಿಂತಿತು.