ಸರಾಸರಿ ನೋಡಿ ತಂಡವನ್ನು ಅಳೆಯಬೇಡಿ

ತಂಡದ ಸರ್ವೆ ಮುಗಿದ ಕೂಡಲೇ ಮ್ಯಾನೇಜರುಗಳು ಕೇಳುವುದು ಒಂದೇ ಮಾತು: ‘ನಮ್ಮ ಟೀಮಿಗೆ ಎಷ್ಟು ಬಂತು?’ ಐದಕ್ಕೆ 3.5 ಎಂದು ಕಂಡರೆ ‘ಪರವಾಗಿಲ್ಲ’ ಎಂದುಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಆ ಒಂದು ಅಂಕಿಯಿಂದ ತಂಡ ಹೇಗಿದೆಯೆಂದು ತಿಳಿಯುವುದಿಲ್ಲ. ಎಷ್ಟು ಸಲ ಬಿಡಿಸಿ ಹೇಳಿದರೂ ಮುಂದಿನ ಸರ್ವೆಯಲ್ಲಿ ಮತ್ತೆ ಅದೇ ಪ್ರಶ್ನೆ ಬರುತ್ತದೆ, ಹಾಗಾಗಿ ಇನ್ನೊಮ್ಮೆ ಬರೆಯುತ್ತಿದ್ದೇನೆ.

ಎಂಟು ಜನರ ಎರಡು ತಂಡಗಳು ಎಂದುಕೊಳ್ಳಿ. ‘ಕಷ್ಟದ ವಿಷಯವನ್ನು ಇಲ್ಲಿ ಅಂಜಿಕೆಯಿಲ್ಲದೆ ಎತ್ತಬಹುದು’ ಎಂಬ ಹೇಳಿಕೆಗೆ (1 ಎಂದರೆ ಒಪ್ಪುವುದೇ ಇಲ್ಲ, 5 ಎಂದರೆ ಪೂರ್ತಿ ಒಪ್ಪಿಗೆ) ಮೊದಲ ತಂಡದಲ್ಲಿ ನಾಲ್ವರು 3, ನಾಲ್ವರು 4 ಕೊಟ್ಟಿದ್ದಾರೆ. ಎರಡನೆಯದರಲ್ಲಿ ನಾಲ್ವರು 5, ನಾಲ್ವರು 2. ಎರಡರ ಸರಾಸರಿಯೂ 3.5. ಮಾನಕ ವಿಚಲನೆ, ಅಂದರೆ ಉತ್ತರಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, ಮಾತ್ರ ಮೊದಲನೆಯದರಲ್ಲಿ 0.5, ಎರಡನೆಯದರಲ್ಲಿ 1.5. ಎರಡನೆಯ ತಂಡ ಒಳಗೊಳಗೇ ಎರಡಾಗಿ ಒಡೆದಿದೆ. ಒಡಕು ಹಗಲು ಶಿಫ್ಟ್ ಮತ್ತು ರಾತ್ರಿ ಶಿಫ್ಟಿನ ನಡುವೆ ಇರಬಹುದು, ಕಾಯಂ ನೌಕರರು ಮತ್ತು ಗುತ್ತಿಗೆಯವರ ನಡುವೆ ಇರಬಹುದು, ಆಫೀಸಿಗೆ ಬರುವವರು ಮತ್ತು ಮನೆಯಿಂದ ಕೆಲಸ ಮಾಡುವವರ ನಡುವೆಯೂ ಇರಬಹುದು. 2 ಕೊಟ್ಟವರು ಮೀಟಿಂಗಿನಲ್ಲಿ ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಅವರ ದನಿ ಕೇಳಿಸುವುದು ಈ ಹಾಳೆಯಲ್ಲಿ ಮಾತ್ರ. ಸರಾಸರಿ ತೆಗೆದರೆ ಅದೂ ಅಳಿಸಿಹೋಗುತ್ತದೆ.

ಆದ್ದರಿಂದ ಪ್ರತಿ ಪ್ರಶ್ನೆಗೂ 1 ಎಷ್ಟು ಜನ, 2 ಎಷ್ಟು ಜನ, ಹೀಗೆ ಐದರವರೆಗೆ ಎಣಿಸಿ ಬರೆಯಿರಿ. ಒಂದು ಹಾಳೆ ಸಾಕು. ‘ಇಲ್ಲಿ ತಪ್ಪು ಮಾಡಿದರೆ ಅದನ್ನೇ ಎತ್ತಿ ಆಡುತ್ತಾರೆ’ ಎಂಬಂಥ ತಿರುವುಮುರುವು ಹೇಳಿಕೆಯ, ಅಂದರೆ ಒಪ್ಪಿದಷ್ಟೂ ದೂರು ಎಂದಾಗುವ ಹೇಳಿಕೆಯ, ಅಂಕವನ್ನು 6ರಿಂದ ಕಳೆದ ಮೇಲೆಯೇ ಉಳಿದವುಗಳ ಜೊತೆ ಸೇರಿಸಬೇಕು. ಇದನ್ನು ಮರೆತರೆ ತಂಡದ ದೂರು ಹೊಗಳಿಕೆಯಾಗಿ ಕಾಣುತ್ತದೆ. ಉತ್ತರಗಳನ್ನು ಶಿಫ್ಟ್, ಗುತ್ತಿಗೆ ಎಂದು ವಿಂಗಡಿಸುವಾಗ ಐದಕ್ಕಿಂತ ಕಡಿಮೆ ಜನರ ಗುಂಪಿನ ಉತ್ತರವನ್ನು ಎಂದೂ ಬೇರೆಯಾಗಿ ತೋರಿಸಬೇಡಿ. 2 ಕೊಟ್ಟವರು ಯಾರು ಎಂದು ಹುಡುಕಲು ಹೊರಟರಂತೂ ಮುಂದಿನ ಸಲ ಎಲ್ಲರೂ 4 ಬರೆದು ಕೈ ತೊಳೆದುಕೊಳ್ಳುತ್ತಾರೆ.

ತೊಂದರೆಗಳು ಹೆಚ್ಚು ಹೊರಬಂದ ಮಾತ್ರಕ್ಕೆ ತಂಡ ಕೆಟ್ಟಿತು ಎನ್ನುವಂತಿಲ್ಲ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ ಎರಡು ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ಮುಂದಾಳು ಇದ್ದ, ಹೊಂದಿಕೊಂಡು ಕೆಲಸ ಮಾಡುವ ತಂಡಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚಿದ್ದವು. ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದು ಎಡ್ಮಂಡ್ಸನ್ ಕೊಟ್ಟ ವಿವರಣೆ. ‘ನಮ್ಮಲ್ಲಿ ದೂರೇ ಇಲ್ಲ’ ಎನ್ನುವ ಸೂಪರ್‌ವೈಸರ್ ಇದನ್ನು ಯೋಚಿಸಬೇಕು.

ತಂಡ ಬೆಳೆಯುವ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಹೇಳಿದ ನಾಲ್ಕು ಹಂತಗಳನ್ನೂ ಕೆಲವರು ಏಣಿಯ ಮೆಟ್ಟಿಲಿನಂತೆ ಹಿಡಿದುಕೊಳ್ಳುತ್ತಾರೆ: ಕೂಡುವುದು, ಜಗಳ, ಹೊಂದಾಣಿಕೆ, ಕೆಲಸ. ಟಕ್‌ಮನ್ ಓದಿ ಹೊಂದಿಸಿದ ಅಧ್ಯಯನಗಳಲ್ಲಿ ಬಹುಪಾಲು ಚಿಕಿತ್ಸಾ ಗುಂಪು, ತರಬೇತಿ ಗುಂಪುಗಳವು. ಆಫೀಸಿನಲ್ಲಿ ಒಬ್ಬರು ಹೊಸದಾಗಿ ಬಂದರೂ ತಂಡ ಹಿಂದಿನ ಹಂತಕ್ಕೆ ಇಳಿಯಬಹುದು.

ಫಲಿತಾಂಶವನ್ನು ಎರಡು ವಾರದೊಳಗೆ ತಂಡದ ಮುಂದಿಡಿ. ತಡವಾದಷ್ಟೂ ‘ಮೇಲಿನವರು ತಿದ್ದಿದ್ದಾರೆ’ ಎಂಬ ಅನುಮಾನ ಬೆಳೆಯುತ್ತದೆ. ತೊಂಬತ್ತು ನಿಮಿಷ ಕೂತು, ಉತ್ತರಗಳು ಅತಿ ಹೆಚ್ಚು ಚದುರಿದ ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳಿ. ಮ್ಯಾನೇಜರ್ ಕೊನೆಯಲ್ಲಿ ಮಾತಾಡಲಿ. ಆಮೇಲೆ ಕೆಲಸದ ರೀತಿಯಲ್ಲಿ ಒಂದು ಬದಲಾವಣೆ ಮಾಡಿ. ಶಿಫ್ಟ್ ಬದಲಾಗುವಾಗ ಹತ್ತು ನಿಮಿಷ ಇಬ್ಬರೂ ಮೆಷಿನ್ ಎದುರೇ ನಿಂತು ಕೆಲಸ ಒಪ್ಪಿಸುವುದು, ಅಥವಾ ಕೆಲಸ ಹಂಚುವ ಪಟ್ಟಿ ಎಲ್ಲರಿಗೂ ಕಾಣುವಂತೆ ಹಾಕುವುದು, ಇಂಥದ್ದು. ರೆಸಾರ್ಟಿಗೆ ಹೋಗಿ ಹಗ್ಗ ಎಳೆದು ಬಂದರೆ ಒಂದು ದಿನ ಖುಷಿಯಾಗಿರುತ್ತದೆ, ಆದರೆ ಸೋಮವಾರ ಪಟ್ಟಿ ಅದೇ ಇರುತ್ತದೆ.

ಮೂರು ತಿಂಗಳಾದ ಮೇಲೆ ಅದೇ ಪ್ರಶ್ನೆಗಳನ್ನು, ಒಂದು ಪದವನ್ನೂ ಬದಲಿಸದೆ, ಮತ್ತೆ ಕೇಳಿ. ಆಗ 3.5 ಇದ್ದದ್ದು 3.75 ಆಗಿದ್ದರೆ ಸಿಹಿ ಹಂಚಲು ಅವಸರ ಬೇಡ. ಎಂಟು ಜನರಲ್ಲಿ ಒಬ್ಬರೇ 2ರಿಂದ 4ಕ್ಕೆ ಬಂದರೂ ಅಷ್ಟು ಏರುತ್ತದೆ. ಹಿಂದಿನ ಹಾಳೆಯನ್ನು ಪಕ್ಕದಲ್ಲಿಟ್ಟು 2ರ ಕಾಲಂನಲ್ಲಿ ಇನ್ನೂ ಎಷ್ಟು ಜನ ಉಳಿದಿದ್ದಾರೆ ನೋಡಿ.